ಬಿಸ್ಕೆಟ್ ಅಂದ್ರೆ ಮಾರಿ ಅಲ್ಲ: ಅಮೆರಿಕದ ದಕ್ಷಿಣದಲ್ಲಿ ಮನೆಮಂದಿಯೆಲ್ಲ ತಿಂಡಿಗೆ ಎಲ್ಲಿ ಕೂರಬೇಕು?

ಮಾವನವರು ಮೊದಲ ಸಲ ಅಟ್ಲಾಂಟಾಗೆ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಹೊರಗೆ ತಿಂಡಿಗೆ ಹೋದೆವು. ಮೆನು ನೋಡಿ ಅವರೇ ಆರಿಸಿದರು: ಬಿಸ್ಕೆಟ್ಸ್ ಅಂಡ್ ಗ್ರೇವಿ. ಧಾರವಾಡದಲ್ಲಿ ಬಿಸ್ಕೆಟ್ ಅಂದ್ರೆ ಚಹಾದಲ್ಲಿ ಅದ್ದುವುದು, ಗ್ರೇವಿ ಅಂದ್ರೆ ಪನೀರ್ ಜೊತೆ ಬರುವುದು. ಎರಡೂ ವೆಜ್. ಜೋಡಿ ಸ್ವಲ್ಪ ವಿಚಿತ್ರ ಅನ್ನಿಸಿದರೂ, ಬಂದ ಊರಿನ ರುಚಿ ನೋಡೋಣ ಅಂತ ಅವರ ಉತ್ಸಾಹ.

ತಟ್ಟೆ ಬಂತು. ಬನ್ನಿನ ಹಾಗೆ ಉಬ್ಬಿದ ಎರಡು ಬಿಲ್ಲೆ, ಮೇಲೆ ಬಿಳಿ ಗಂಜಿ, ಗಂಜಿಯ ತುಂಬ ಕಂದು ಚೂರು. ಅವರು ಚಮಚ ಎತ್ತುವಷ್ಟರಲ್ಲಿ ನನ್ನ ಮಗ ಕೂಗಿದ: "ಅಜ್ಜಾ, ಅದು ಹಂದಿ!" ಅಕ್ಕಪಕ್ಕದ ಟೇಬಲ್ಲಿನವರಿಗೆ ಕನ್ನಡ ಬಾರದಿದ್ದದ್ದು ನಮ್ಮ ಪುಣ್ಯ. ಅವತ್ತು ಮಾವನವರು ಎರಡು ಬಾಳೆಹಣ್ಣು ತಿಂದು ಎದ್ದರು. ತಪ್ಪು ಹೋಟೆಲಿನದಲ್ಲ. ಮೆನು ಓದಿ ಹೇಳಬೇಕಾಗಿದ್ದವಳು ನಾನು.

ಆಮೇಲೆ ಎಷ್ಟೋ ಸಲ ಊರಿನಿಂದ ಬಂದವರನ್ನು ಇಂಥ ಹೋಟೆಲುಗಳಿಗೆ ಕರೆದುಕೊಂಡು ಹೋಗಿದ್ದೇನೆ. ಗೆಳತಿಯರು ಫೋನ್ ಮಾಡಿ "ಅಪ್ಪ ಅಮ್ಮ ಬರ್ತಿದಾರೆ ಕಣೇ, ಸದರ್ನ್ ಬ್ರೇಕ್‌ಫಾಸ್ಟ್‌ಗೆ ಯಾವುದು ಬೆಸ್ಟ್?" ಅಂತ ಕೇಳ್ತಾರೆ. ನಾನು ತಿರುಗಿ ಮೂರು ಪ್ರಶ್ನೆ ಕೇಳ್ತೇನೆ. ಎಷ್ಟು ಜನ? ಯಾರು ಏನು ತಿನ್ನಲ್ಲ? ಯಾರಿಗೆ ಕಾಯೋಕೆ ಆಗಲ್ಲ? ಬಿಸ್ಕೆಟ್ಟು, ಮೊಟ್ಟೆ, ಆಲೂಗಡ್ಡೆಯ ರುಚಿಯಲ್ಲಿ ಒಂದು ಹೋಟೆಲಿಗೂ ಇನ್ನೊಂದಕ್ಕೂ ಅಂಥಾ ವ್ಯತ್ಯಾಸ ಇರುವುದಿಲ್ಲ. ಬೆಳಗು ಕೆಡುವುದು ಈ ಮೂರು ಪ್ರಶ್ನೆ ಕೇಳಿಕೊಳ್ಳದೆ ಹೊರಟಾಗ.

ಮೊದಲು ತಟ್ಟೆಯಲ್ಲಿ ಏನಿದೆ ನೋಡಿ

ಇಲ್ಲಿನ ಬಿಸ್ಕೆಟ್ಟಿಗೆ ಬೇಕಾದದ್ದು ಮೈದಾ, ಬೇಕಿಂಗ್ ಪೌಡರ್, ಮಜ್ಜಿಗೆ, ಯಾವುದಾದರೂ ಒಂದು ಕೊಬ್ಬು. ಯೀಸ್ಟ್ ಇಲ್ಲ. ಸಾಮಾನ್ಯವಾಗಿ ಮೊಟ್ಟೆಯೂ ಇಲ್ಲ. ಹಿಟ್ಟನ್ನು ಚಪಾತಿಗೆ ನಾದಿದ ಹಾಗೆ ನಾದುವುದಿಲ್ಲ. ಮೆಲ್ಲಗೆ ತಟ್ಟಿ, ಮಡಚಿ, ಮತ್ತೆ ತಟ್ಟಿ, ದುಂಡಗೆ ಕತ್ತರಿಸಿ ಕಾದ ಓವನ್ನಿಗೆ ಹಾಕುತ್ತಾರೆ. ಚಿರೋಟಿಗೆ ಪದರ ಏಳುವ ಹಾಗೆ ಇದಕ್ಕೂ ಪದರ ಏಳುತ್ತದೆ. ಅಷ್ಟು ಮೆತ್ತಗಾಗಲು ಮುಖ್ಯ ಕಾರಣ ಗೋಧಿ. ಈ ಭಾಗದಲ್ಲಿ ಬಳಸುವುದು ಚಳಿಗಾಲ ದಾಟಿ ಬೆಳೆಯುವ ಮೆದು ಗೋಧಿ. ಅದರಲ್ಲಿ ಪ್ರೋಟೀನ್ ಕಡಿಮೆ, ಹಾಗಾಗಿ ಹಿಟ್ಟು ಎಳೆದರೆ ಜಗ್ಗುವುದಿಲ್ಲ. ವೈಟ್ ಲಿಲಿ ಅನ್ನೋ ಹಿಟ್ಟಿನ ಹೆಸರು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. 1883ರಿಂದ ಟೆನ್ನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಬೀಸುತ್ತಿದ್ದ ಹಿಟ್ಟು ಅದು. 2008ರಲ್ಲಿ ಅಲ್ಲಿನ ಗಿರಣಿ ಮುಚ್ಚಿತು, ಈಗ ಬೇರೆ ಕಡೆ ತಯಾರಾಗುತ್ತದೆ. ಮೊದಲಿನ ಹಾಗಿಲ್ಲ ಅಂತ ಗೊಣಗುವ ಅಜ್ಜಿಯರು ಇಲ್ಲೂ ಇದ್ದಾರೆ.

ನಮಗೆ ತೊಡಕಾಗುವುದು ಕೊಬ್ಬಿನ ವಿಷಯ. ಬೆಣ್ಣೆ ಹಾಕಿದರೆ ಸರಿ, ಡಾಲ್ಡಾದಂಥ ಶಾರ್ಟನಿಂಗ್ ಆದರೂ ಸರಿ. ಆದರೆ ಹಳೇ ಪದ್ಧತಿಯಲ್ಲಿ ಹಾಕುವುದು ಲಾರ್ಡ್, ಅಂದರೆ ಹಂದಿ ಕೊಬ್ಬು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ, "ಬಿಸ್ಕೆಟ್ಟಿಗೆ ಲಾರ್ಡ್ ಹಾಕ್ತೀರಾ?" ನಾನು ಹೀಗೆ ಕೇಳಿದ್ದನ್ನು ಕೇಳಿಸಿಕೊಂಡ ಅತ್ತೆಯವರು, ಇವರ ತಿಂಡಿಗೂ ದೇವರಿಗೂ ಏನು ಸಂಬಂಧ ಅಂತ ಆಮೇಲೆ ಕಾರಿನಲ್ಲಿ ವಿಚಾರಿಸಿದರು. ಲಾರ್ಡ್ ಇಲ್ಲ ಅಂತ ಗೊತ್ತಾದರೆ, ಮೊಟ್ಟೆ ಮುಟ್ಟದ ಹಿರಿಯರಿಗೆ ಇಡೀ ಮೆನುವಿನಲ್ಲಿ ಬಿಸ್ಕೆಟ್ಟಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಬಿಸಿ ಇರುವಾಗಲೇ ಸೀಳಿ, ಬೆಣ್ಣೆ ಸವರಿ, ಜಾಮ್ ಹಾಕಿ ಕೊಡಿ. ಪ್ಯಾನ್‌ಕೇಕ್, ವಾಫಲ್, ಫ್ರೆಂಚ್ ಟೋಸ್ಟ್ ಮೂರರಲ್ಲೂ ಮೊಟ್ಟೆ ಇರುತ್ತದೆ. ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ಡಿಗೂ ಸಾಮಾನ್ಯವಾಗಿ ಹಾಕುತ್ತಾರೆ.

ಬಿಸ್ಕೆಟ್ ಮೇಲೆ ಹಾಕಿಕೊಳ್ಳಲು ಕೆಲವು ಕಡೆ ಸೋರ್ಗಮ್ ಸಿರಪ್ ಸಿಗುತ್ತದೆ. ಸೋರ್ಗಮ್ ಅಂದ್ರೆ ಬೇರೇನೂ ಅಲ್ಲ, ನಮ್ಮ ಜೋಳದ ಜಾತಿಯದ್ದೇ. ಸಿಹಿ ದಂಟಿನ ಜೋಳವನ್ನು ಕಬ್ಬಿನ ಹಾಗೆ ಗಾಣಕ್ಕೆ ಕೊಟ್ಟು, ಹಾಲು ಹಿಂಡಿ, ಕುದಿಸಿ ಮಂದ ಮಾಡುತ್ತಾರೆ. ಜೋನಿಬೆಲ್ಲದ ತಮ್ಮ ಅನ್ನಬಹುದು. ಕೆಂಟಕಿ, ಟೆನ್ನೆಸ್ಸಿಗಳಲ್ಲಿ ಜಾಸ್ತಿ ಮಾಡುತ್ತಾರೆ. ಜಾರ್ಜಿಯಾದ ಗುಡ್ಡದ ಊರು ಬ್ಲೇರ್ಸ್‌ವಿಲ್‌ನಲ್ಲಿ ಅಕ್ಟೋಬರ್ ಹೊತ್ತಿಗೆ ಸೋರ್ಗಮ್ ಜಾತ್ರೆಯೇ ಆಗುತ್ತದೆ.

ಗ್ರಿಟ್ಸ್ ವಿಷಯಕ್ಕೆ ಬಂದರೆ ಉತ್ತರ ಕರ್ನಾಟಕದವರಿಗೆ ಅದನ್ನು ಪರಿಚಯ ಮಾಡಿಸಬೇಕಾಗಿಲ್ಲ. ಮಾವನವರು ಒಂದು ಚಮಚ ಬಾಯಿಗಿಟ್ಟು, "ಇದೇನವಾ, ನಮ್ಮ ನುಚ್ಚೇ ಐತಲ್ಲ! ಮಜ್ಜಿಗಿ ಎಲ್ಲೈತಿ?" ಅಂದರು. ಅಷ್ಟೇ. ನುಚ್ಚಿಗೆ ಬಿಳಿಜೋಳ, ಇದಕ್ಕೆ ಮೆಕ್ಕೆಜೋಳ. ಬಿಳಿಯರು ಇಲ್ಲಿಗೆ ಬರುವ ಮೊದಲೇ ಇಲ್ಲಿನ ಮೂಲ ನಿವಾಸಿಗಳು ಮೆಕ್ಕೆಜೋಳ ಕುಟ್ಟಿ ಬೇಯಿಸಿ ತಿನ್ನುತ್ತಿದ್ದರು. 2002ರಲ್ಲಿ ಜಾರ್ಜಿಯಾ ಇದಕ್ಕೆ ರಾಜ್ಯದ ಅಧಿಕೃತ ಅಡುಗೆ ಅನ್ನೋ ಪಟ್ಟ ಕೊಟ್ಟಿತು. ಬೀಸುಕಲ್ಲಿನಲ್ಲಿ ಒಡೆದ ತರಿಯಾದರೆ ಬೇಯಲು ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆಯೇ ಬೇಕು. ಗಡಿಬಿಡಿಯ ಹೋಟೆಲುಗಳಲ್ಲಿ ಸಿಗುವುದು ಸಣ್ಣ ತರಿಯ, ಬೇಗ ಬೇಯುವ ಜಾತಿ. ಅದು ಸಪ್ಪೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ಉಪ್ಪು, ಬೆಣ್ಣೆ, ಕಾಳುಮೆಣಸಿನ ಪುಡಿ ಕಲಸಿಕೊಳ್ಳಿ. ಟೇಬಲ್ ಮೇಲೆ ಹಾಟ್ ಸಾಸ್ ಇದ್ದೇ ಇರುತ್ತದೆ. ಅದರಲ್ಲಿ ಟೆಕ್ಸಸ್ ಪೀಟ್ ಅಂತ ಒಂದಿದೆ, ತಯಾರಾಗುವುದು ಮಾತ್ರ ನಾರ್ತ್ ಕ್ಯಾರೊಲಿನಾದಲ್ಲಿ! ಸಕ್ಕರೆ ಹಾಕಿಕೊಂಡರೆ ಪಕ್ಕದ ಟೇಬಲ್ಲಿನ ಹಿರಿಯರು ಹುಬ್ಬು ಹಾರಿಸಬಹುದು, ತಲೆ ಕೆಡಿಸಿಕೊಳ್ಳಬೇಡಿ. ಕೆಲವರು ಗ್ರಿಟ್ಸನ್ನು ಚಿಕನ್ ಸ್ಟಾಕಿನಲ್ಲಿ ಬೇಯಿಸುತ್ತಾರೆ. ಇದು ಎರಡನೇ ಪ್ರಶ್ನೆ.

ಗ್ರೇವಿ ಬಗ್ಗೆ ಒಂದೇ ಮಾತು: ಕಂಡರೆ ದೂರ ಇರಿ. ಬಿಳಿ ಗ್ರೇವಿ ಅಂದ್ರೆ ಹಂದಿಯ ಸಾಸೇಜ್ ಹುರಿದ ಕೊಬ್ಬಿಗೆ ಮೈದಾ, ಹಾಲು ಹಾಕಿ ಕುದಿಸಿದ್ದು. ರೆಡ್-ಐ ಗ್ರೇವಿ ಅಂದ್ರೆ ಹ್ಯಾಮ್ (ಉಪ್ಪು ಹಾಕಿ ಹದ ಮಾಡಿದ ಹಂದಿ ಮಾಂಸ) ಹುರಿದ ಬಾಣಲೆಗೆ ಕಪ್ಪು ಕಾಫಿ ಸುರಿದದ್ದು. ಹೌದು, ಕಾಫಿಯೇ.

ಹೆದ್ದಾರಿಯ ಪಕ್ಕದ ಎರಡು

ಮುಖ್ಯ ಆಯ್ಕೆ ಕ್ರ್ಯಾಕರ್ ಬ್ಯಾರೆಲ್ ಮತ್ತು ವಾಫಲ್ ಹೌಸ್ ನಡುವೆ. ದಕ್ಷಿಣದಲ್ಲಿ ಕಾರು ಓಡಿಸಿದರೆ ಎರಡರ ಬೋರ್ಡೂ ಎಕ್ಸಿಟ್‌ಗೊಂದರಂತೆ ಕಾಣುತ್ತಿರುತ್ತವೆ. ಒಂದನ್ನು ಮೆಚ್ಚಿದವರು ಇನ್ನೊಂದಕ್ಕೆ ಮೂಗು ಮುರಿಯುವುದುಂಟು. ನಮ್ಮ ಮನೆಯಲ್ಲೇ ಎರಡು ಪಕ್ಷ ಇದೆ.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕಾಮತ್ ಲೋಕರುಚಿಗೆ ನಿಂತವರಿಗೆ ಕ್ರ್ಯಾಕರ್ ಬ್ಯಾರೆಲ್ ಎಂಥದ್ದು ಅಂತ ಅರ್ಧ ಅರ್ಥ ಆದ ಹಾಗೆ. ಪ್ರಯಾಣದ ನಡುವೆ ಹಳ್ಳಿಮನೆಯ ಅಲಂಕಾರ, ಹೊಟ್ಟೆ ತುಂಬ ಊಟ. 1969ರಲ್ಲಿ ಟೆನ್ನೆಸ್ಸಿಯ ಲೆಬನಾನ್ ಎಂಬ ಊರಲ್ಲಿ ಡ್ಯಾನ್ ಎವಿನ್ಸ್ ಇದನ್ನು ಶುರು ಮಾಡಿದರು. ಅವರು ಶೆಲ್ ಕಂಪನಿಯ ಪೆಟ್ರೋಲ್ ಮಾರಾಟದಲ್ಲಿ ಇದ್ದವರು. ಹೊಸ ಹೆದ್ದಾರಿಗಳಲ್ಲಿ ಹೋಗುವವರಿಗೆ ಪೆಟ್ರೋಲಿನ ಜೊತೆ ಊಟವೂ ಬೇಕು ಅನ್ನುವುದು ಅವರ ಲೆಕ್ಕಾಚಾರ. ಈಗ ದೇಶದಲ್ಲಿ 650ರ ಆಸುಪಾಸು ಅಂಗಡಿಗಳಿವೆ. ಜಗಲಿಯ ಮೇಲೆ ಸಾಲಾಗಿ ತೂಗುವ ಕುರ್ಚಿಗಳು. ಒಳಗೆ ಮೊದಲು ಸಿಗುವುದೇ ಅಂಗಡಿ: ಹಳೇ ಕಾಲದ ಮಿಠಾಯಿ, ಕೌದಿ, ಆಟಿಕೆ, ಹಬ್ಬಕ್ಕೊಂದು ಬಗೆಯ ಅಲಂಕಾರದ ಸಾಮಾನು. ಅದನ್ನು ದಾಟಿದರೆ ಊಟದ ಹಾಲ್.

ಈ ಅಂಗಡಿಯೇ ಅದರ ದೊಡ್ಡ ಅನುಕೂಲ. ಭಾನುವಾರ ಅರ್ಧ ಗಂಟೆ ಕಾಯಬೇಕಾದರೂ ಯಾರೂ ಮುಖ ಸಿಂಡರಿಸುವುದಿಲ್ಲ. ಅತ್ತೆಯವರು ಕೌದಿಯ ಹೊಲಿಗೆ ನೋಡಿ "ನಮ್ಮ ಕೌದಿ ಇದಕ್ಕಿಂತ ಚಂದ" ಅಂತ ತೀರ್ಪು ಕೊಡುತ್ತಾರೆ. ಮಾವನವರು ಜಗಲಿಯಲ್ಲಿ ತೂಗುತ್ತಾರೆ. ಟೇಬಲ್ಲಿಗೆ ಬಂದರೆ ತ್ರಿಕೋನದ ಮರದ ಹಲಗೆ ಇರುತ್ತದೆ, 15 ತೂತು, 14 ಗೂಟ. ಒಂದು ಗೂಟವನ್ನು ಇನ್ನೊಂದರ ಮೇಲಿಂದ ಹಾರಿಸಿ ತೆಗೆಯುತ್ತ ಹೋಗಬೇಕು. ಕೊನೆಗೆ ಒಂದೇ ಉಳಿದರೆ ನೀವು ಬುದ್ಧಿವಂತರು, ನಾಲ್ಕು ಉಳಿದರೆ ದಡ್ಡರು ಅಂತ ಹಲಗೆ ಮೇಲೆಯೇ ಬರೆದಿರುತ್ತದೆ. ನಿವೃತ್ತ ಗಣಿತದ ಮೇಷ್ಟ್ರ ಎದುರು ಇಂಥ ಹಲಗೆ ಇಟ್ಟರೆ ಏನಾಗುತ್ತದೆ ಅಂತ ಊಹಿಸಿ. ತಿಂಡಿ ಆರಿದರೂ ಅವರಿಗೆ ಗಮನ ಇರಲಿಲ್ಲ.

ಏಳೆಂಟು ಜನ ಒಟ್ಟಿಗೆ ಕೂರಲು ಟೇಬಲ್ ಜೋಡಿಸಿ ಕೊಡುತ್ತಾರೆ. ಕುರ್ಚಿಗೆ ಬೆನ್ನೊರಗು ಇದೆ, ಶೌಚಾಲಯ ದೊಡ್ಡದು, ತಿಂಡಿ ದಿನವಿಡೀ ಸಿಗುತ್ತದೆ. ಹನ್ನೊಂದೂವರೆಗೆ ಎದ್ದ ಹುಡುಗರಿಗೂ ಪ್ಯಾನ್‌ಕೇಕ್ ಇದೆ. ಮೊಟ್ಟೆ ತಿನ್ನದವರಿಗೆ ಬಿಸ್ಕೆಟ್ಟು, ಗ್ರಿಟ್ಸ್, ದಾಲ್ಚಿನ್ನಿ ಹಾಕಿ ಬೇಯಿಸಿದ ಸೇಬು, ಹಣ್ಣು ಇಷ್ಟನ್ನು ಬಿಡಿಬಿಡಿಯಾಗಿ ಹೇಳಿ, ಒಬ್ಬರ ತಟ್ಟೆ ಆಗುತ್ತದೆ. ಅದರ ಹ್ಯಾಶ್‌ಬ್ರೌನ್ ಕ್ಯಾಸರೋಲ್, ಅಂದರೆ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ ತುರಿ, ತುಂಬ ಜನಪ್ರಿಯ. ದಕ್ಷಿಣದ ಮನೆಗಳಲ್ಲಿ ಇದೇ ಅಡುಗೆಗೆ ಚಿಕನ್ ಸೂಪಿನ ಡಬ್ಬಿ ಸುರಿಯುವ ರೂಢಿ ಇದೆ. ಎಲ್ಲೇ ತಿಂದರೂ ಮೊದಲು ವಿಚಾರಿಸಿ.

ಇನ್ನೊಂದು ಮಾತು ಹೇಳದೇ ಇರಲಾರೆ. ಹಳೇ ದಿನಗಳ ನೆನಪನ್ನು ಗೋಡೆಗೆ ತೂಗುಹಾಕಿದ ಈ ಹೋಟೆಲು ಎಲ್ಲರಿಗೂ ಸಿಹಿ ನೆನಪಲ್ಲ. ಕಪ್ಪು ಜನರ ಜೊತೆ ತಾರತಮ್ಯ ಮಾಡಿದ ಆರೋಪ ಬಂದು, 2004ರಲ್ಲಿ ಕಂಪನಿ ಅಮೆರಿಕದ ನ್ಯಾಯ ಇಲಾಖೆ ಜೊತೆ ಒಪ್ಪಂದ ಮಾಡಿಕೊಂಡು ತರಬೇತಿ, ತಪಾಸಣೆಗೆಲ್ಲ ಒಪ್ಪಬೇಕಾಯಿತು. ನನ್ನ ಆಫೀಸಿನಲ್ಲಿ ಒಬ್ಬರು ಈಗಲೂ ಅಲ್ಲಿಗೆ ಕಾಲಿಡುವುದಿಲ್ಲ. ಮಿಶ್ರ ಗುಂಪಿನಲ್ಲಿ ಹೋಗುವುದಾದರೆ "ಎಲ್ಲಿಗೆ ಹೋಗೋಣ?" ಅಂತ ಅವರನ್ನೇ ಕೇಳುವುದು ವಾಸಿ. 2025ರ ಆಗಸ್ಟ್‌ನಲ್ಲಿ ಇದೇ ಕಂಪನಿ ಬ್ಯಾರೆಲ್‌ಗೆ ಒರಗಿ ಕೂತ ಮುದುಕನನ್ನು ಲೋಗೋದಿಂದ ತೆಗೆಯಿತು. ದೇಶವೇ ಗಲಾಟೆ ಎಬ್ಬಿಸಿತು, ಕೆಲವೇ ದಿನದಲ್ಲಿ ಮುದುಕ ವಾಪಸು ಬಂದ. ಒಂದು ಲೋಗೋಗೆ ಇಷ್ಟಾ ಅಂತ ನನಗೆ ಅನ್ನಿಸಿತು. ನನ್ನವರು ಮಾತ್ರ ಮುದುಕನ ಪಕ್ಷ.

ವಾಫಲ್ ಹೌಸ್ ಪೂರಾ ಬೇರೆ ಜಾತಿ. ಹಳದಿ ಬೋರ್ಡು, ಉದ್ದನೆಯ ಡಬ್ಬಿಯಂಥ ಕಟ್ಟಡ, 24 ಗಂಟೆಯೂ ತೆರೆದಿರುತ್ತದೆ. ನನ್ನ ಕಣ್ಣಿಗೆ ಇದು ಇಲ್ಲಿನ ದರ್ಶಿನಿ. ಕಾವಲಿ ಮುಂದೆ ನಿಂತ ಭಟ್ಟರು ನಿಮಗೆ ಕಾಣುತ್ತಾರೆ, ನೀವು ಅವರಿಗೆ ಕಾಣುತ್ತೀರಿ. ಅಟ್ಲಾಂಟಾ ಪಕ್ಕದ ಅವಾಂಡೇಲ್ ಎಸ್ಟೇಟ್ಸ್‌ನಲ್ಲಿ 1955ರಲ್ಲಿ ಜೋ ರಾಜರ್ಸ್, ಟಾಮ್ ಫೋರ್ಕ್ನರ್ ಎಂಬ ಇಬ್ಬರು ನೆರೆಮನೆಯವರು ಶುರು ಮಾಡಿದ್ದು. ಈಗ 1,900ಕ್ಕೂ ಹೆಚ್ಚು ಕಡೆ ಇದೆ. ಮೊದಲ ಅಂಗಡಿಯನ್ನು ಮ್ಯೂಸಿಯಂ ಮಾಡಿದ್ದಾರೆ. ಚಂಡಮಾರುತ ಬಂದಾಗ ಹಾನಿ ಎಷ್ಟು ಅಂತ ತಿಳಿಯಲು ಸರ್ಕಾರದ ವಿಪತ್ತು ಇಲಾಖೆಯವರೇ ವಾಫಲ್ ಹೌಸ್ ತೆರೆದಿದೆಯಾ ಅಂತ ನೋಡುತ್ತಿದ್ದರು. ಪೂರ್ತಿ ಮೆನು ಇದ್ದರೆ ಹಸಿರು, ಅರ್ಧ ಮೆನು ಇದ್ದರೆ ಹಳದಿ, ಮುಚ್ಚಿದ್ದರೆ ಕೆಂಪು.

ಮಕ್ಕಳಿದ್ದರೆ ಕೌಂಟರಿನ ಎತ್ತರದ ಸ್ಟೂಲುಗಳಲ್ಲಿ ಕೂರಿಸಿ. ಆರ್ಡರ್ ಚೀಟಿ ನೋಡಿ ಅಡುಗೆ ಮಾಡುವುದಿಲ್ಲ ಇಲ್ಲಿ. ಸರ್ವರಮ್ಮ ನಿಂತಲ್ಲಿಂದಲೇ ಗಟ್ಟಿಯಾಗಿ ಕೂಗಿ ಹೇಳುತ್ತಾಳೆ. ಭಟ್ಟರು ಖಾಲಿ ತಟ್ಟೆಯ ಮೇಲೆ ಜಾಮ್ ಪೊಟ್ಟಣ, ಬೆಣ್ಣೆ ಪೊಟ್ಟಣ, ಉಪ್ಪಿನಕಾಯಿ ಚೂರು ಇಂಥವನ್ನು ಇಡುತ್ತಾರೆ. ಯಾವ ಪೊಟ್ಟಣ, ತಟ್ಟೆಯ ಯಾವ ಕಡೆ, ಅಂಗಾತವೋ ಬೋರಲೋ ಅನ್ನುವುದರಲ್ಲೇ ಇಡೀ ಆರ್ಡರ್ ಇದೆ. ಮಗ ಈ ಗುಟ್ಟನ್ನು ಒಡೆಯಲು ಎರಡು ವರ್ಷದಿಂದ ಪ್ರಯತ್ನ ಪಡುತ್ತಿದ್ದಾನೆ.

ಸಸ್ಯಾಹಾರಿಗಳಿಗೆ ಇಲ್ಲಿ ಹ್ಯಾಶ್‌ಬ್ರೌನ್ ಗತಿ, ಒಳ್ಳೆಯ ಗತಿಯೇ. ಆಲೂಗಡ್ಡೆ ತುರಿಯನ್ನು ಕಾವಲಿ ಮೇಲೆ ಗರಿಗರಿಯಾಗಿ ಹುರಿಯುತ್ತಾರೆ, ಮೇಲೆ ಏನು ಬೇಕು ಅನ್ನುವುದಕ್ಕೆ ಅವರದೇ ಭಾಷೆ. ಸ್ಕ್ಯಾಟರ್ಡ್ ಅಂದ್ರೆ ಕಾವಲಿ ತುಂಬ ಹರಡಿ ಹುರಿದದ್ದು, ಹೀಗೇ ಹೇಳಿ, ಗರಿ ಜಾಸ್ತಿ. ಸ್ಮದರ್ಡ್ ಅಂದ್ರೆ ಈರುಳ್ಳಿ. ಕವರ್ಡ್ ಚೀಸ್, ಡೈಸ್ಡ್ ಟೊಮೆಟೊ, ಪೆಪರ್ಡ್ ಹಲಪೀನ್ಯೊ ಮೆಣಸಿನಕಾಯಿ, ಕ್ಯಾಪ್ಡ್ ಅಣಬೆ. ಇಷ್ಟರವರೆಗೆ ನಮ್ಮದು. ಚಂಕ್ಡ್ ಅಂದರೆ ಹ್ಯಾಮ್, ಟಾಪ್ಡ್ ಅಂದರೆ ಚಿಲಿ ಅನ್ನುವ ಮಾಂಸದ ಗಟ್ಟಿ ಸಾರು, ಕಂಟ್ರಿ ಅಂದರೆ ಅದೇ ಹಂದಿ ಗ್ರೇವಿ. ಈ ಮೂರನ್ನು ಬಿಡಿ. ನನ್ನ ಆರ್ಡರ್ ಯಾವಾಗಲೂ ಒಂದೇ: ಸ್ಕ್ಯಾಟರ್ಡ್, ಸ್ಮದರ್ಡ್, ಡೈಸ್ಡ್, ಪೆಪರ್ಡ್. ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ ಬಿದ್ದ ಆಲೂಗಡ್ಡೆ ಯಾವ ದೇಶದಲ್ಲಾದರೂ ನಮ್ಮದೇ ಪಲ್ಯ ಅಲ್ವಾ?

ಆದರೆ ಕಾವಲಿ ಒಂದೇ. ಬೇಕನ್, ಸಾಸೇಜ್ ಥರದ ಹಂದಿ ಮಾಂಸದ ತುಂಡುಗಳೆಲ್ಲ ಅಲ್ಲೇ ಪಕ್ಕದಲ್ಲಿ ಸಿಡಿಯುತ್ತಿರುತ್ತವೆ, ಕಣ್ಣೆದುರೇ. ಮಡಿ ಇಲ್ಲದಿದ್ದರೂ ಕಟ್ಟುನಿಟ್ಟಿನ ಸಸ್ಯಾಹಾರಿಗಳಾದ ಅತ್ತೆ-ಮಾವನನ್ನು ನಾನು ಅಲ್ಲಿಗೆ ಊಟಕ್ಕೆ ಕರೆದುಕೊಂಡು ಹೋಗುವುದಿಲ್ಲ. ಕ್ರ್ಯಾಕರ್ ಬ್ಯಾರೆಲ್‌ನಲ್ಲೂ ಅಡುಗೆಮನೆಯೊಳಗೆ ಕಥೆ ಅದೇ ಇರಬಹುದು, ನಡುವೆ ಗೋಡೆ ಇದೆ ಅಷ್ಟೆ. ಆ ಗೋಡೆಗೂ ಒಂದು ಬೆಲೆ ಇದೆ. ಜೊತೆಗೆ ಬೂತ್‌ಗಳಲ್ಲಿ ನಾಲ್ಕೇ ಜನ ಹಿಡಿಸುತ್ತಾರೆ. ಆರು ಜನ ಹೋದರೆ ಎರಡು ಕಡೆ ಹಂಚಿ ಕೂರಬೇಕು.

ಹಾಗಾಗಿ ನನ್ನ ತೀರ್ಮಾನ ಹೀಗೆ. ಹಿರಿಯರಿದ್ದರೆ, ಐದಕ್ಕಿಂತ ಜಾಸ್ತಿ ಜನ ಇದ್ದರೆ, ಮೊದಲ ಸಲವಾದರೆ ಕ್ರ್ಯಾಕರ್ ಬ್ಯಾರೆಲ್. ಗಂಡ ಹೆಂಡತಿ ಮಕ್ಕಳು ಮಾತ್ರ ಇದ್ದರೆ, ಹೊತ್ತಲ್ಲದ ಹೊತ್ತಾದರೆ, ಏರ್‌ಪೋರ್ಟಿಗೆ ಬೆಳಗಿನ ಜಾವ ಹೊರಟಿದ್ದರೆ ವಾಫಲ್ ಹೌಸ್. ನನ್ನ ಸ್ವಂತ ಇಷ್ಟ ಕೇಳಿದರೆ ಎರಡನೆಯದು. ರಾತ್ರಿ ಎರಡು ಗಂಟೆಗೂ ಬಿಸಿ ಕಾವಲಿ ಇರುವ ಜಾಗದ ಮೇಲೆ ನನಗೆ ಮೊದಲಿನಿಂದಲೂ ಮಮತೆ.

ಕಾರಿನಿಂದ ಇಳಿಯಲು ಮನಸ್ಸಿಲ್ಲದಿದ್ದರೆ

ಕಿಟಕಿಯಲ್ಲಿ ಕೊಡುವ ಬಿಸ್ಕೆಟ್ಟನ್ನು ಕೀಳಾಗಿ ನೋಡಬೇಡಿ. ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ 1977ರಲ್ಲಿ ಹುಟ್ಟಿದ ಬೋಜ್ಯಾಂಗಲ್ಸ್‌ನಲ್ಲಿ ದಿನವಿಡೀ ಬಿಸ್ಕೆಟ್ ಸುಡುತ್ತಲೇ ಇರುತ್ತಾರೆ. ಚಿಕನ್ ತಿನ್ನುವ ಹುಡುಗರಿಗೆ ಖಾರದ ಚಿಕನ್ ಬಿಸ್ಕೆಟ್, ಮೊಟ್ಟೆ ತಿನ್ನುವವರಿಗೆ ಮೊಟ್ಟೆ-ಚೀಸ್, ಸಿಹಿಗೆ ಬ್ಲೂಬೆರಿ ಹಾಕಿ ಸಕ್ಕರೆ ಪಾಕ ಬಳಿದ ಬೋ-ಬೆರಿ. ನಾರ್ತ್ ಕ್ಯಾರೊಲಿನಾ ಕಡೆ ಹೋದರೆ ಬಿಸ್ಕೆಟ್‌ವಿಲ್ ಕೂಡ ಇದೆ, ಮಧ್ಯಾಹ್ನ ಎರಡಕ್ಕೇ ಬಾಗಿಲು ಹಾಕುತ್ತಾರೆ. ಚಿಕ್-ಫಿಲ್-ಎ ಬಿಸ್ಕೆಟ್ ಚೆನ್ನಾಗಿರುತ್ತದೆ, ಆದರೆ ಭಾನುವಾರ ಅಂಗಡಿಯೇ ತೆರೆಯುವುದಿಲ್ಲ. ಹೊಸಬರು ಪ್ರತಿ ವರ್ಷ ಈ ತಪ್ಪು ಮಾಡಿ ಖಾಲಿ ಪಾರ್ಕಿಂಗ್ ನೋಡಿ ವಾಪಸಾಗುತ್ತಾರೆ. ಬೇರೆ ದಿನ ಹೋದರೂ ತಿಂಡಿ ಹತ್ತೂವರೆಗೆ ಮುಗಿಯುತ್ತದೆ.

ಊರಿನ ಹೆಸರು ಹೊತ್ತ ಹೋಟೆಲುಗಳು

ಚೈನ್ ಹೋಟೆಲು ಸಾಕು ಅನ್ನಿಸಿದವರಿಗೆ ಎರಡು ಹೆಸರು ಹೇಳುತ್ತೇನೆ.

ಅಟ್ಲಾಂಟಾದ ಕ್ಯಾಂಡ್ಲರ್ ಪಾರ್ಕ್‌ನಲ್ಲಿ 1993ರಲ್ಲಿ ಶುರುವಾದ ಫ್ಲೈಯಿಂಗ್ ಬಿಸ್ಕೆಟ್ ಕೆಫೆ. ಈಗ ಬೇರೆ ಕಡೆಯೂ ಶಾಖೆಗಳಿವೆ. ಸಸ್ಯಾಹಾರಿಗಳನ್ನು ಇಲ್ಲಿ ಪಾಪದವರ ಹಾಗೆ ನೋಡುವುದಿಲ್ಲ. ಕಪ್ಪು ಬೀನ್ಸ್ ಮತ್ತು ಮೆಕ್ಕೆಜೋಳದ ಹಿಟ್ಟಿನ ಬಿಲ್ಲೆಗಳಿವೆ, ಅವಕ್ಕೆ ಲವ್ ಕೇಕ್ಸ್ ಅಂತ ಹೆಸರು. ಅತ್ತೆಯವರು "ಇದು ಒಂಥರಾ ವಡಾನೇ" ಅಂದರು, ತಿಂದರು, ಇನ್ನೊಂದು ತಟ್ಟೆ ಹೇಳಿಸಿದರು. ಬಿಸ್ಕೆಟ್ ಮೇಲೆ ಸಕ್ಕರೆ ಉದುರಿಸಿರುತ್ತಾರೆ, ಜೊತೆಗೆ ಸೇಬಿನ ಗಟ್ಟಿ ಜಾಮ್. ಗ್ರಿಟ್ಸ್ ನೊರೆಹಾಲಿನಷ್ಟು ನಯ. ಅತ್ತೆ-ಮಾವನಂಥವರ ಜೊತೆ ಅಟ್ಲಾಂಟಾದಲ್ಲಿ ಒಂದೇ ಬೆಳಗು ಇದ್ದರೆ ನಾನು ಇಲ್ಲಿಗೇ ಹೋಗುತ್ತೇನೆ. ಕಷ್ಟ ಏನಂದರೆ ವಾರಾಂತ್ಯದಲ್ಲಿ ಕಾಯಬೇಕು, ಪಾರ್ಕಿಂಗ್ ಹುಡುಕಬೇಕು.

ಇನ್ನೊಂದು ನ್ಯಾಶ್‌ವಿಲ್ ಹೊರಗಿನ ಲವ್‌ಲೆಸ್ ಕೆಫೆ. 1951ರಲ್ಲಿ ಲಾನ್ ಮತ್ತು ಆ್ಯನಿ ಲವ್‌ಲೆಸ್ ದಂಪತಿ ಹೈವೇ 100ರ ಪಕ್ಕ ತೆರೆದದ್ದು, ಜೊತೆಗೊಂದು ಮೋಟೆಲ್ ಕೂಡ ಇತ್ತು. ಆ್ಯನಿಯವರ ಬಿಸ್ಕೆಟ್ಟಿಗೇ ಜನ ಬರುತ್ತಿದ್ದರು, ಈಗಲೂ ಬರುತ್ತಾರೆ. ಮೋಟೆಲ್ ಕೋಣೆಗಳು ಈಗ ಅಂಗಡಿಗಳಾಗಿವೆ. ಪೀಚ್, ಬ್ಲ್ಯಾಕ್‌ಬೆರಿ, ಸ್ಟ್ರಾಬೆರಿ ಜಾಮ್ ಮಾತ್ರ ತಪ್ಪಿಸಬೇಡಿ. ಎಂ.ಟಿ.ಆರ್. ಮುಂದೆ ಹೆಸರು ಬರೆಸಿ ನಿಂತ ಅನುಭವ ಇದ್ದವರಿಗೆ ಇಲ್ಲಿನ ಕಾಯುವಿಕೆ ಹೊಸದಲ್ಲ. ಭಾನುವಾರ ಬಿಟ್ಟು ವಾರದ ದಿನ ಹೋದರೆ ಕಷ್ಟ ಕಡಿಮೆ. ನ್ಯಾಶ್‌ವಿಲ್‌ನ ಗಣೇಶ ದೇವಸ್ಥಾನವೂ ಊರಿನ ಅದೇ ಮಗ್ಗುಲಲ್ಲಿದೆ. ಮೊದಲು ದರ್ಶನ, ಆಮೇಲೆ ಬಿಸ್ಕೆಟ್ ಅನ್ನುವುದು ನಮ್ಮ ಕ್ರಮ. ಹಂದಿ ಮಾಂಸದ ವಾಸನೆ ಹೊತ್ತು ಗುಡಿಗೆ ಹೋಗಲು ಅತ್ತೆಯವರು ಒಪ್ಪುವುದಿಲ್ಲ.

ಕಾಫಿ

ಇಲ್ಲಿ ಎಲ್ಲ ಕಡೆ ಒಂದೇ ನಿರಾಸೆ. ತೆಳ್ಳಗೆ, ಉದ್ದ ಕಪ್ಪಿನಲ್ಲಿ, ಮುಗಿದಂತೆಲ್ಲ ತುಂಬಿಸುತ್ತ ಹೋಗುತ್ತಾರೆ. ಬೇಡ ಅಂದರೂ ಬಿಡುವುದಿಲ್ಲ. ಫಿಲ್ಟರ್ ಕಾಫಿಯವರಿಗೆ ದಕ್ಷಿಣದಲ್ಲಿ ಸಮಾಧಾನ ಸಿಗುವ ಊರು ನ್ಯೂ ಆರ್ಲಿಯನ್ಸ್. ಅಲ್ಲಿ ಕಾಫಿಗೆ ಚಿಕೋರಿ ಬೆರೆಸುತ್ತಾರೆ. ಫ್ರೆಂಚರಿಂದ ಬಂದ ಪದ್ಧತಿ, ಅಂತರ್ಯುದ್ಧದ ಕಾಲದಲ್ಲಿ ಕಾಫಿಬೀಜ ಸಿಗದೆ ಇನ್ನಷ್ಟು ಬೇರೂರಿತು. 1862ರಿಂದ ಇರುವ ಕೆಫೆ ದು ಮಾಂಡ್‌ನಲ್ಲಿ ಬಿಸಿ ಹಾಲಿಗೆ ಚಿಕೋರಿ ಕಾಫಿ ಬೆರೆಸಿ ಕೊಡುತ್ತಾರೆ, ಜೊತೆಗೆ ಬೆನ್ಯೆ ಅನ್ನುವ ಚೌಕದ ಕರಿದ ತಿಂಡಿ ಮೂರು, ಮೇಲೆ ಪುಡಿಸಕ್ಕರೆಯ ಗುಡ್ಡ. ಕಪ್ಪು ಬಟ್ಟೆ ಹಾಕಿಕೊಂಡು ಹೋಗಬೇಡಿ. ತಿನ್ನುವಾಗ ನಗಲೂಬೇಡಿ, ಸಕ್ಕರೆ ಎದುರಿನವರ ಮುಖಕ್ಕೆ ಹಾರುತ್ತದೆ. ಇದು ಬಿಸ್ಕೆಟ್-ಗ್ರಿಟ್ಸ್ ಸಂಪ್ರದಾಯದ ತಿಂಡಿಯಲ್ಲ ನಿಜ, ಅಟ್ಲಾಂಟಾದಿಂದ ಕಾರಿನಲ್ಲಿ ಒಂದು ಇಡೀ ಹಗಲಿನ ದಾರಿ ಅನ್ನುವುದೂ ನಿಜ. ಆದರೂ ಕಾಫಿಯೇ ಮುಖ್ಯ ಅನ್ನುವ ಮನೆಯವರಿಗೆ ಬೇರೆ ಆಯ್ಕೆ ಹೇಳಲು ನನಗೆ ಮನಸ್ಸಿಲ್ಲ.

ಹೊರಡುವ ಮೊದಲು

ಭಾನುವಾರ ಎಂಟರೊಳಗೆ ಹೋಗಿ ಕೂತುಬಿಡಿ. ಹನ್ನೊಂದರ ನಂತರ ಚರ್ಚ್ ಬಿಡುತ್ತದೆ. ಟೈ ಕಟ್ಟಿದ ಅಪ್ಪಂದಿರು, ಟೋಪಿ ಹಾಕಿದ ಅಜ್ಜಿಯರು, ಹಸಿದ ಮಕ್ಕಳು ಒಟ್ಟಿಗೆ ಬರುತ್ತಾರೆ. ಆಮೇಲೆ ನಿಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು.

"ವೆಜಿಟೇರಿಯನ್" ಅಂತ ಒಂದೇ ಪದ ಹೇಳಿ ಸುಮ್ಮನಾಗಬೇಡಿ. ಇಲ್ಲಿನ ಹಳ್ಳಿಗಳಲ್ಲಿ ಹುರುಳಿಕಾಯಿಯನ್ನೂ ಬೇಕನ್ ಹಾಕಿಯೇ ಬೇಯಿಸುತ್ತಾರೆ, ಅದು ಅವರಿಗೆ ತರಕಾರಿಯೇ. ಮಾಂಸ ಬೇಡ, ಬೇಕನ್ ಬೇಡ, ಹ್ಯಾಮ್ ಬೇಡ, ಚಿಕನ್ ಸ್ಟಾಕ್ ಬೇಡ, ಮೊಟ್ಟೆ ಬೇಡ ಅಂತ ಒಂದೊಂದೇ ಹೇಳಿ. ಸರ್ವರ್‌ಗಳು ಬೇಸರ ಮಾಡಿಕೊಳ್ಳುವುದಿಲ್ಲ, ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಎಲ್ಲರನ್ನೂ "ಹನಿ", "ಶುಗರ್" ಅಂತ ಕರೆಯುವುದು ಇಲ್ಲಿನ ರೂಢಿ. 74ರ ಮಾವನವರನ್ನು ಮೊದಲ ಸಲ ಯಾರೋ "ಹನಿ" ಅಂದಾಗ ಅತ್ತೆಯವರು ಸೆರಗು ಬಾಯಿಗೆ ಹಿಡಿದು ನಕ್ಕರು. ಇವತ್ತಿಗೂ ಸಿಟ್ಟು ಬಂದಾಗ ಅದೇ ಹೆಸರಲ್ಲಿ ಕರೆಯುತ್ತಾರೆ.

ಕೂತು ತಿನ್ನುವ ಕಡೆ ತಲೆಗೆ 10ರಿಂದ 15 ಡಾಲರ್ ಇಟ್ಟುಕೊಳ್ಳಿ, ದರ ಊರಿಂದ ಊರಿಗೆ ಬದಲಾಗುತ್ತದೆ. ಟಿಪ್ಸ್ ಮರೆಯಬೇಡಿ. ಟಿಪ್ಸ್ ಬರುವ ಕೆಲಸಕ್ಕೆ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅಲ್ಲೇ ನಿಂತಿದೆ. ಬಿಲ್ಲಿನ ಮೇಲೆ 20 ಪರ್ಸೆಂಟ್ ಇಡುವುದು ನನ್ನ ಅಭ್ಯಾಸ. ಊರಿನ ರೂಪಾಯಿ ಲೆಕ್ಕ ಹಾಕಿ ಮಾವನವರು ಬೆಚ್ಚಿದರೂ ಇದರಲ್ಲಿ ನಾನು ಸೋಲುವುದಿಲ್ಲ.

ಮತ್ತೆ ಆ ಮಜ್ಜಿಗೆ. ಕಳೆದ ಸಲ ಟೆನ್ನೆಸ್ಸಿಯ ಗುಡ್ಡಗಳ ಕಡೆ ಒಂದು ಸಣ್ಣ ಹೋಟೆಲಿನಲ್ಲಿ ಮಾವನವರು ಗ್ರಿಟ್ಸ್ ಮುಂದೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಏನು ಕಡಿಮೆಯಾಯಿತು ಅಂತ ವಯಸ್ಸಾದ ಸರ್ವರಮ್ಮ ಕೇಳಿದರು. ನಾನು ನಾಚಿಕೆಯಿಂದಲೇ ಹೇಳಿದೆ. ಅವರು ಒಂದು ಗ್ಲಾಸ್ ಬಟರ್‌ಮಿಲ್ಕ್ ತಂದಿಟ್ಟು, ತಮ್ಮ ಅಜ್ಜ ರಾತ್ರಿ ಊಟಕ್ಕೆ ಕಾರ್ನ್‌ಬ್ರೆಡ್ ಮುರಿದು ಇದರಲ್ಲೇ ಕಲಸಿ ತಿನ್ನುತ್ತಿದ್ದರು ಅಂದರು. ನಮ್ಮ ಮಜ್ಜಿಗೆಗಿಂತ ಮಂದ, ಹುಳಿ ಜಾಸ್ತಿ. ಅರ್ಧ ಗ್ಲಾಸಿಗೆ ಅರ್ಧ ಗ್ಲಾಸ್ ನೀರು ಬೆರೆಸಿದರೆ ಸರಿಹೋಗುತ್ತದೆ. ಮೆನುವಿನಲ್ಲಿ ಇರುವುದಿಲ್ಲ, ಆದರೆ ಬಿಸ್ಕೆಟ್ ಹಿಟ್ಟನ್ನು ತಾವೇ ಕಲಸುವ ಅಡುಗೆಮನೆಯಾದರೆ ಒಳಗೆ ಇರುತ್ತದೆ. ಕೇಳಿ.